ಖಾರವಲ್ಲ, ಕ್ಷಾರ

ಚಳಿಗಾಲದ ಬೆಳಿಗ್ಗೆ. ಹಾಲು ಇನ್ನೂ ಒಲೆಯ ಮೇಲಿತ್ತು. ಒಳಗೆ ಮೊಮ್ಮಗಳು ಅಳುತ್ತಿದ್ದಳು. ಹಸಿವಿನ ಅಳುವಲ್ಲ ಅದು. ಸೊಸೆ ಮಗುವಿನ ಲಂಗೋಟಿ ಬಿಚ್ಚಿದಳು. ತೊಡೆ ಸಂದಿಯೆಲ್ಲ ಬೆಂದಂತೆ ಕೆಂಪಾಗಿತ್ತು.

"ನಾನು ಬಡ್ಕೊಂಡೆ," ಎಂದಳು ನನ್ನ ಹೆಂಡತಿ. "ತಾಯಿ ಖಾರ ತಿಂದ್ರೆ ಹಾಲಲ್ಲಿ ಇಳಿದು ಮಗುಗೆ ಉರಿ."

"ಅತ್ತೆ, ಖಾರದ ಮುಖ ನೋಡಿ ತಿಂಗಳಾಯ್ತು."

ನಿಜ. ಸಪ್ಪೆ ಅನ್ನ ಸೇರದೆ ಬಾಣಂತಿ ಸೊರಗಿದ್ದಳು. ಉರಿಗೆ ಮಗು ನಿದ್ದೆ ಬಿಟ್ಟಿತ್ತು. ನಾಳೆಯಿಂದ ಉಪ್ಪೂ ಬೇಡ ಎಂದು ಮನೆಯಾಕೆ ಅಪ್ಪಣೆ ಮಾಡುವ ಹೊತ್ತಿಗೆ ನರ್ಸಮ್ಮ ಮಗುವಿನ ತೂಕ ನೋಡಲು ಬಂದರು.

ಅವರು ಮಗುವನ್ನು ನೋಡಿದರು. ಆಮೇಲೆ ತಂತಿಯ ಮೇಲಿನ ಲಂಗೋಟಿ ಮುಟ್ಟಿದರು. ಅದು ರಟ್ಟಿನಂತೆ ಬಿರುಸಾಗಿತ್ತು.

"ಇದರಲ್ಲಿ ಕ್ಷಾರ ಉಳಿದಿದೆ, ಅಮ್ಮ."

"ಕೇಳಿಸ್ತೇನೇ? ಖಾರ ಅಂತೆ," ಎಂದು ಮನೆಯಾಕೆ ಸೊಸೆಯ ಕಡೆ ತಿರುಗಿದಳು.

"ಖಾರ ಅಲ್ಲಮ್ಮ, ಕ್ಷಾರ. ಬಟ್ಟೆಗೆ ಏನು ಹಾಕ್ತೀರಿ?"

"ವಾಷಿಂಗ್ ಸೋಡಾ. ಮಗು ಬಟ್ಟೆ ಅಂತ ಕೈ ಬಿಚ್ಚಿ ಹಾಕ್ತೀನಿ."

"ಎಷ್ಟು ಸಲ ಜಾಲಿಸ್ತೀರಿ?"

"ಈ ಚಳೀಲಿ ನೀರು ಮುಟ್ಟೋಕಾಗುತ್ತಾ? ಒಂದೇ ಸಲ."

ನರ್ಸಮ್ಮ ಚಿಟಿಕೆ ಅರಿಶಿನ ನೀರಲ್ಲಿ ಕಲಸಿದರು. ಲಂಗೋಟಿಯ ಒಂದು ಮೂಲೆ ಒದ್ದೆ ಮಾಡಿ ಅದರ ಮೇಲೆ ಬಿಟ್ಟರು. ಹಳದಿ ಅಲ್ಲೇ ಕೆಂಪಾಯಿತು. ಕಿಟಕಿ ಗಾಜು ಒರೆಸಲು ಇಟ್ಟಿದ್ದ ವಿನೆಗರ್ ಎರಡು ತೊಟ್ಟು ಹಾಕಿದರು. ಕೆಂಪು ಮತ್ತೆ ಹಳದಿಯಾಯಿತು.

"ಮಂತ್ರ ಗಿಂತ್ರ ಕಲ್ತಿದೀರಾ?" ಎಂದಳು ಮನೆಯಾಕೆ.

"ಸೋಡಾ ಕ್ಷಾರ, ವಿನೆಗರ್ ಆಮ್ಲ, ಅಂದ್ರೆ ಹುಳಿ. ಸರಿ ಅಳತೇಲಿ ಸೇರಿದ್ರೆ ಒಂದರ ಬಿರುಸು ಇನ್ನೊಂದು ಮುರಿಯುತ್ತೆ. ರಾಜಿ ಆದ ಹಾಗೆ. ಹುಳಿ ತೇಗು ಬಂದಾಗ ಯಜಮಾನ್ರು ಮಾತ್ರೆ ಚೀಪ್ತಾರಲ್ಲ, ಅದೂ ಇದೇ ಲೆಕ್ಕ."

"ಹಾಗಾದ್ರೆ ಎರಡನ್ನೂ ಒಟ್ಟಿಗೆ ಬಕೆಟ್‌ಗೆ ಸುರಿದ್ರೆ ಕೆಲಸ ಮುಗೀತು."

"ಬೇಡಮ್ಮ. ಅಲ್ಲೇ ರಾಜಿ ಮಾಡ್ಕೊಂಡು ಕೂತ್ರೆ ಕೊಳೆ ತೆಗೆಯೋರು ಯಾರು? ಸೋಡಾ ಕಮ್ಮಿ ಹಾಕಿ ಒಗೀರಿ, ಚೆನ್ನಾಗಿ ಜಾಲಿಸಿ. ಆಮೇಲೆ ಒಂದು ಬಕೆಟ್ ನೀರಿಗೆ ಎರಡು ಚಮಚ ವಿನೆಗರ್. ಕೊನೆಗೆ ಬರೀ ನೀರು. ಮಗು ಮೈಗೆ ಮಾತ್ರ ಎರಡೂ ತಾಗಬಾರದು. ಮೈಗೆ ಬರೀ ನೀರು, ಗಾಳಿ. ಕಮ್ಮಿ ಆಗದಿದ್ರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ನರ್ಸಮ್ಮ ಹೋದ ಮೇಲೆ ಮನೆಯಾಕೆ ಪ್ರತಿ ಲಂಗೋಟಿಗೂ ಅರಿಶಿನ ಹಚ್ಚಿ ನೋಡಿದಳು. ಮನೆಯ ಬಟ್ಟೆಯೆಲ್ಲ ಚುಕ್ಕಿ ಚುಕ್ಕಿಯಾಯಿತು.

ಬಟ್ಟೆ ಮೆತ್ತಗಾಯಿತು. ಕೆಂಪು ಇಳಿಯುತ್ತ ಬಂತು. ಒಂದು ಮಧ್ಯಾಹ್ನ ಮಗು ಮಲಗಿದ್ದು ಏಳಲೇ ಇಲ್ಲವೆಂದು ನಾವೇ ಗಾಬರಿಯಾಗಿ ಉಸಿರು ನೋಡಿದೆವು; ಬರೀ ಗಾಢ ನಿದ್ದೆ. ಅಂದು ಮನೆಯಾಕೆ ಸೊಸೆಯ ತಟ್ಟೆಗೆ ತಾನೇ ಖಾರ ಬಡಿಸಿದಳು. "ತಿನ್ನು. ನಿನ್ನ ಮೇಲಿನ ದೂರು ವಜಾ."

ತಾಯಂದಿರೇ, ಅಜ್ಜಿಯರೇ, ಮಗುವಿನ ಮೈ ಉರಿದರೆ ತಾಯಿಯ ತಟ್ಟೆಗೆ ಕೈ ಹಾಕುವ ಮೊದಲು ಒಗೆದ ಬಟ್ಟೆಯನ್ನು ಮುಟ್ಟಿ ನೋಡಿ. ಇನ್ನೊಂದು ಮಾತು: ಬ್ಲೀಚಿಂಗ್ ಪುಡಿಗೆ ಹುಳಿಯನ್ನಾಗಲಿ ಆ್ಯಸಿಡ್ಡನ್ನಾಗಲಿ ಎಂದೂ ಬೆರೆಸಬೇಡಿ. ಅಲ್ಲಿ ರಾಜಿಯಿಲ್ಲ, ವಿಷಗಾಳಿ ಏಳುತ್ತದೆ.

ಮಗಳ ಮನೆಯಲ್ಲೂ ಒಂದು ಹಸುಗೂಸಿದೆ. ಭಾನುವಾರ ನನ್ನ ಹೆಂಡತಿ ಅಲ್ಲಿಗೆ ಹೊರಟಳು, ಚೀಲದಲ್ಲಿ ವಿನೆಗರ್ ಬಾಟಲಿ, ಸೆರಗಿನ ತುದಿಯಲ್ಲಿ ಅರಿಶಿನದ ಗಂಟು.