ಮಂಜಲ್ಪಾದೆಯ ದಾರಿ

ಬೆಳ್ತಂಗಡಿ ತಾಲೂಕು ಕಚೇರಿಯ ಎದುರು ಕುಳಿತು ಅರ್ಜಿ ಬರೆದುಕೊಡುವ ರಾಜೀವಿಗೆ ಇಪ್ಪತ್ತೆರಡು ವರ್ಷದ ಅನುಭವ. ಜನ ಸಿಟ್ಟಿನಲ್ಲಿ ಬಂದು ಏನೇನೋ ಹೇಳುತ್ತಾರೆ. ಅದರಲ್ಲಿ ಅವರಿಗೇ ತಿರುಗಿ ಬರುವಂಥ ಮಾತನ್ನು ಅಕ್ಕಿಯಿಂದ ಕಲ್ಲು ಹೆಕ್ಕಿದ ಹಾಗೆ ಹೆಕ್ಕಿ ತೆಗೆದು, ಉಳಿದದ್ದನ್ನು ಕಚೇರಿ ಒಪ್ಪುವ ಕನ್ನಡದಲ್ಲಿ ಇಳಿಸುವುದು ಅವಳ ಕೆಲಸ. ರಾಷ್ಟ್ರೀಯ ಉದ್ಯಾನದ ಹೊಸ ನಿರ್ವಹಣಾ ಯೋಜನೆಗೆ ಜನರ ಅಭಿಪ್ರಾಯ ಕೇಳಲು ಘಟ್ಟದ ಬುಡದ ಶಾಲೆಯಲ್ಲಿ ಸಭೆ ಕರೆದಾಗ, ತುಳುವಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿ ತಿಳಿಸಲು ಅವಳಿಗೇ ಹೇಳಿಕಳಿಸಿದರು. ಸಭೆ ನಡೆಸುವ ಅರಣ್ಯ ಇಲಾಖೆಯ ಸಾಹೇಬರು ವಿಜಯಪುರದವರು, ತುಳು ಒಂದಕ್ಷರ ಬಾರದು.

ಸಾಹೇಬರು ಕಪ್ಪುಹಲಗೆಯ ಮೇಲೆ ಅಂಟಿಸಿದ್ದ ಕಾಡಿನ ನಕ್ಷೆ ತೋರಿಸಿದರು.

"ನೋಡ್ರಿ, ಜನ ಈಗಲೂ ಹೋಗಿಬರೋ ದಾರಿಗೆ ಹಸಿರು ಹಚ್ಚತೀವಿ. ಅದು ತೆರೆದಿರತದ. ಯಾರೂ ಹೋಗದ ದಾರಿಗೆ ಕೆಂಪು. ಅದು ಬಂದ್. ಆಮ್ಯಾಲ ಬಂದು ಕೇಳಿದರ ನನ್ನ ಕೈಯಾಗ ಏನೂ ಇರಂಗಿಲ್ಲ."

"ಹೋಗ್ತೇನೆ ಅಂತ ಹೇಳಿದವರ ಮೇಲೆ ಕೇಸ್ ಹಾಕುದಿಲ್ಲವಾ ಸಾರ್?" ಕಾಡಂಚಿನಲ್ಲಿ ಅಂಗಡಿ ಇಟ್ಟಿದ್ದ ನಫೀಸಮ್ಮ ಹಿಂದಿನ ಬೆಂಚಿನಿಂದ ಕೇಳಿದಳು.

"ಹಾಕಂಗಿಲ್ಲ ಅಂತ ಮಾತು ಕೊಡಲಿಕ್ಕೆ ಆಗಂಗಿಲ್ರಿ."

"ಹಾಗಾದ್ರೆ ಕಾಡು ಯಾವ ದಿಕ್ಕಿನಲ್ಲಿ ಉಂಟು ಅಂತಲೇ ನನಗೆ ಗೊತ್ತಿಲ್ಲ."

ಎಲ್ಲರೂ ನಕ್ಕರು. ನಗು ಬೇಗ ನಿಂತಿತು. ಹೆಸರು ಕರೆದಂತೆ ಒಬ್ಬೊಬ್ಬರೇ ಎದ್ದು "ಇಲ್ಲ, ಹೋಗುದಿಲ್ಲ" ಎನ್ನುತ್ತಾ ಕುಳಿತರು. ನಕ್ಷೆಯಲ್ಲಿ ಕೆಂಪು ಗೆರೆ ಹೆಚ್ಚುತ್ತಾ ಹೋಯಿತು.

"ತುಕ್ರಪ್ಪ ಮಲೆಕುಡಿಯ."

ಎಪ್ಪತ್ತು ದಾಟಿದ ಅಜ್ಜ ಬೆಂಚು ಹಿಡಿದು ಎದ್ದರು. ಅವರ ಮನೆಯ ಹಿಂದಿನಿಂದ ಮಂಜಲ್ಪಾದೆಗೆ ಕಾಲುದಾರಿ ಉಂಟು. ಮಂಜಲ್ಪಾದೆ ಎಂದರೆ ಹೆಜ್ಜೇನು ಗೂಡು ಕಟ್ಟುವ ಕಡಿದಾದ ಬಂಡೆ. ಆ ಜೇನಿನಿಂದಲೇ ಅವರ ಮನೆ ನಡೆಯುವುದು. ಅಜ್ಜ ತುಳುವಿನಲ್ಲಿ, ನಿಧಾನಕ್ಕೆ ಹೇಳಿದರು: "ಅಪ್ಪ ಹೋಗ್ತಿದ್ದರು, ನಾನೂ ಹೋಗ್ತೇನೆ. ಹೋದ ಬೇಸಗೆಯಲ್ಲಿ ಹೋಗಿ ಮೂರು ಜೇನುಹುಟ್ಟು ತೆಗೆದೆ, ಎರಡು ಬಿಟ್ಟೆ. ಹಗ್ಗ ಹಿಡಿದದ್ದು ನನ್ನ ಭಾವ. ಈ ಸಲವೂ ಹೋಗ್ತೇನೆ."

ಹಿಂದೊಮ್ಮೆ ಉದ್ಯಾನದಲ್ಲಿ ಜೇನು ತೆಗೆದದ್ದಕ್ಕೆ ಇದೇ ಅಜ್ಜನ ಮೇಲೆ ಕೇಸಾಗಿ, ಅವರು ಬೆಳ್ತಂಗಡಿ ಕೋರ್ಟಿನ ಮೆಟ್ಟಿಲಲ್ಲಿ ಊಟವಿಲ್ಲದೆ ಕುಳಿತಿದ್ದನ್ನು ರಾಜೀವಿ ಕಂಡಿದ್ದಳು. ಅವಳು ಕಲ್ಲು ಹೆಕ್ಕಿದಳು.

"ಅಜ್ಜ ಮೊದಲು ಹೋಗುತ್ತಿದ್ದರಂತೆ ಸಾರ್. ಈಗ ಪ್ರಾಯವಾಯಿತು, ಹೋಗುವುದಿಲ್ಲವಂತೆ."

ಸಾಹೇಬರ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಫಾರೆಸ್ಟ್ ಗಾರ್ಡ್ ಶೋಧನ್ ತಲೆ ಎತ್ತಿದ. ಗುರುವಾಯನಕೆರೆಯ ಹುಡುಗ, ಮನೆಮಾತೇ ತುಳು. ರಾಜೀವಿಯನ್ನು ಒಂದು ಕ್ಷಣ ನೋಡಿ ಮತ್ತೆ ಪುಸ್ತಕಕ್ಕೆ ಬಗ್ಗಿದ. ಸಾಹೇಬರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

"ಏ ರಾಜೀವಿ," ತುಕ್ರಪ್ಪ ಇನ್ನೂ ನಿಂತು ತುಳುವಿನಲ್ಲೇ ಹೇಳಿದರು. "ನಾನು ಹೇಳಿದ್ದು ಅದಲ್ಲವಲ್ಲ. ನನಗೆ ಕನ್ನಡ ಮಾತಾಡ್ಲಿಕ್ಕೆ ನಾಚಿಕೆ, ಕೇಳ್ಲಿಕ್ಕೆ ಏನೂ ತೊಂದರೆ ಇಲ್ಲ."

"ಅಜ್ಜ, ಕೂತ್ಕೊಳ್ಳಿ," ಅವಳು ಪಿಸುಗುಟ್ಟಿದಳು. "ಕೇಸ್ ಆಗ್ತದೆ. ಈ ಪ್ರಾಯದಲ್ಲಿ ಕೋರ್ಟು ಅಲೆಯುವುದು ಬೇಕಾ ನಿಮಗೆ?"

"ಕೇಸಾದ್ರೆ ಕಾಗದದಲ್ಲಿ ನನ್ನ ಹೆಸರಾದರೂ ಇರ್ತದೆ ಮಗಾ. ನೀನು ಹೇಳಿದ ಹಾಗೆ ಆದ್ರೆ ಅಲ್ಲಿಗೆ ಯಾರೂ ಹೋಗಲೇ ಇಲ್ಲ ಅಂತ ಆಯ್ತು. ನನ್ನ ಅಪ್ಪನೂ ಹೋಗಲಿಲ್ಲ."

"ಏನಂತಾರ್ರೀ ಅಜ್ಜಾರು?" ಸಾಹೇಬರ ಪೆನ್ನು ನಕ್ಷೆಯ ಹತ್ತಿರ ನಿಂತಿತ್ತು.

ಎಲ್ಲರ ಕಣ್ಣೂ ರಾಜೀವಿಯ ಮೇಲೆ. ಇನ್ನೊಂದು ಸಣ್ಣ ಸುಳ್ಳು ಸಾಕಿತ್ತು, ಅಜ್ಜ ಕ್ಷೇಮವಾಗಿ ಮನೆಗೆ ಹೋಗುತ್ತಿದ್ದರು. ಮನೆಯ ಹಿಂದಿನ ದಾರಿ ಮಾತ್ರ ಇರುತ್ತಿರಲಿಲ್ಲ.

"ಸಾರ್, ನಾನು ತಪ್ಪು ಹೇಳಿದೆ," ಎಂದಳು. "ಅವರು ಹೋಗ್ತಾರೆ. ಹೋದ ಬೇಸಗೆಯಲ್ಲೂ ಹೋಗಿದ್ದಾರೆ. ಬೇಕಂತಲೇ ಬದಲಿಸಿ ಹೇಳಿದ್ದು ನಾನು."

ಸಾಹೇಬರು ಪೆನ್ನು ಕೆಳಗಿಟ್ಟರು. "ಅಲ್ರೀ, ಇಷ್ಟೊತ್ತು ನೀವು ಹೇಳಿದ್ದನ್ನೆಲ್ಲ ನಾ ಹೆಂಗ ನಂಬಲಿ? ಈಗ ಹೇಳೋದು ಖರೆ ಅನ್ನಲಿಕ್ಕೆ ಸಾಕ್ಷಿ ಯಾರು? ಇವರು ಹೋಗಿದ್ದು ನೋಡಿದವರು ಯಾರರ ಅದಾರೇನು?"

ಯಾರೂ ಅಲ್ಲಾಡಲಿಲ್ಲ. ನೋಡಿದೆ ಎಂದವರು ತಾವೂ ಕಾಡಿನೊಳಗಿದ್ದೆ ಎಂದು ಒಪ್ಪಿದ ಹಾಗೆ. ಹಗ್ಗ ಹಿಡಿದಿದ್ದ ಭಾವ ಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಿದ್ದ. ಸಾಹೇಬರು ಮತ್ತೆ ಕೆಂಪು ಪೆನ್ನಿಗೆ ಕೈ ಚಾಚಿದರು.

"ನಾನು ನೋಡಿದ್ದೇನೆ ಸಾರ್."

ಶೋಧನ್ ಎದ್ದು ನಿಂತಿದ್ದ. ಕಿವಿ ಕೆಂಪಾಗಿತ್ತು. "ಹೋದ ಏಪ್ರಿಲ್‌ನಲ್ಲಿ. ಇವರು ಜೇನಿನ ಡಬ್ಬ ಹಿಡಿದು ಇಳಿದು ಬರ್ತಾ ಇದ್ರು, ನಾನು ಗಸ್ತಿನಲ್ಲಿ ಹತ್ತುತ್ತಾ ಇದ್ದೆ."

"ರಿಪೋರ್ಟ್ ಯಾಕ ಹಾಕಲಿಲ್ಲ?"

"ಹಾಕಲಿಲ್ಲ ಸಾರ್."

"ನಾ ಕೇಳಿದ್ದು ಯಾಕ ಅಂತ."

ಶೋಧನ್ ಕೈಯಲ್ಲಿದ್ದ ಪುಸ್ತಕ ಮುಚ್ಚಿದ. "ನಿಂದು ಆಮ್ಯಾಲ ಮಾತಾಡೋಣ," ಎಂದು ಸಾಹೇಬರು ಖಾಲಿ ಹಾಳೆಯೊಂದನ್ನು ರಾಜೀವಿಯ ಮುಂದೆ ನೂಕಿದರು. "ಬರೀರಿ. ಅವರು ಹೇಳಿದ್ದು ಹೇಳಿದ ಹಂಗ. ಕೆಳಗ ನಿಮ್ಮ ಸಹಿನೂ ಇರಲಿ. ಕೇಸ್ ಆಗೋದು ಬಿಡೋದು ಮ್ಯಾಲಿನವರು ನೋಡತಾರ. ಅಲ್ಲೀತನಕ ಈ ದಾರಿಗೆ ನಾ ಕೆಂಪು ಹಚ್ಚಂಗಿಲ್ಲ."

ರಾಜೀವಿ ಬರೆಯತೊಡಗಿದಳು. ತುಕ್ರಪ್ಪ ಅವಳ ಪಕ್ಕದ ಬೆಂಚಿಗೆ ಬಂದು, ಒಂದೊಂದೇ ಅಕ್ಷರ ಮೂಡುವುದನ್ನು ನೋಡುತ್ತಾ ಕುಳಿತರು.

"ಈ ಬೇಸಗೆಯಲ್ಲೂ ಹೋಗ್ತೇನೆ ಅಂತ ಹೇಳಿದ್ದೆನಲ್ಲ, ಅದು ಎಲ್ಲಿ?"

"ಅಜ್ಜ, ಅದೊಂದು ಬೇಡ ಮಾರಾಯ್ರೆ. ಆಗಿದ್ದು ಸಾಕು, ಆಗಬೇಕಾದ್ದು ಯಾಕೆ?"

"ಬರಿ ಮಗಾ."

ಅವಳು ಸಾಹೇಬರ ಕಡೆ ನೋಡಿದಳು. ಅವರು ಕಿಟಕಿಯ ಕಡೆ ತಿರುಗಿದ್ದರು. ರಾಜೀವಿ ಅದನ್ನೂ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.