ನಾಲ್ಕು ಬೆರಳಿನ ಆನೆ

ಸ್ಟಾಕ್‌ಹೋಮಿನ ವಕೀಲರ ಕಚೇರಿಯಲ್ಲಿ ಉಮಾಕಾಂತ ಕುರ್ಚಿಯ ತುದಿಗೆ ಕೂತಿದ್ದ. ಗುಳೇದಗುಡ್ಡದಲ್ಲಿ ನಲವತ್ತೈದು ವರ್ಷ ರವಿಕೆಯ ಖಣ ನೇಯ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯಡಿ ಸಿಕ್ಕಿಸಿಕೊಂಡಿದ್ದ. ಮೂರು ತಿಂಗಳ ಮಟ್ಟಿಗೆ ತಮ್ಮನ ಮಗಳು ನವ್ಯಾಳ ಮನೆಗೆ ಬಂದವನಿಗೆ ವಕೀಲರ ಕಟ್ಟೆ ಹತ್ತುವ ಪ್ರಸಂಗ ಬರುತ್ತದೆಂದು ಕನಸಿನಲ್ಲೂ ಹೊಳೆದಿರಲಿಲ್ಲ.

ನವ್ಯಾ ಉಪ್ಸಾಲಾದಲ್ಲಿ ಸಂಶೋಧನೆ ಮಾಡುತ್ತ, ದೊಡ್ಡಪ್ಪ ಕಳಿಸಿದ ಆನೆ ಹೆಜ್ಜೆ ಚಿತ್ರದ ಖಣದಲ್ಲಿ ದಿಂಬಿನ ಚೀಲ ಹೊಲಿದು ಮಾರುತ್ತಿದ್ದಳು. ಒಂದು ದೊಡ್ಡ ಕಂಪನಿ ಕಾಗದ ಬರೆದಿತ್ತು: ಈ ಆನೆ ಹೆಜ್ಜೆಯ ಚಿತ್ರ ನಮ್ಮದು, ನೋಂದಣಿಯಾಗಿದೆ, ಮಾರುವುದನ್ನು ನಿಲ್ಲಿಸು, ಉಳಿದ ಬಟ್ಟೆಯನ್ನೆಲ್ಲ ನಾಶಕ್ಕೆ ಒಪ್ಪಿಸು.

ವಕೀಲೆ ತಾನ್ಯಾ ಬೆಂಗಳೂರಿನವರ ಮಗಳು. ಚಿತ್ರ ಯಾರದು, ಹೆಸರು ಯಾರದು, ಗುಟ್ಟು ಯಾರದು ಎಂಬ ಜಗಳಗಳೇ ಅವಳ ಕಸುಬು.

"ಅಂಕಲ್, ಅವ್ರು ರಿಜಿಸ್ಟರ್ ಮಾಡೋಕ್ ಮುಂಚೇನೇ ಈ ಡಿಸೈನ್ ಇತ್ತು ಅಂತ ತೋರಿಸಿದ್ರೆ ಸಾಕು, ಅವ್ರ ಹಕ್ಕು ಬಿದ್ದೋಗುತ್ತೆ. ಆದ್ರೆ ಆನೆ ಹೆಜ್ಜೆ ಹಳೇದು ಅಂದ್ರೆ ಕೇಳಲ್ಲ. ಹಳೇದಕ್ಕೆ ಐದು ಬೆರಳು, ನಮ್ದಕ್ಕೆ ನಾಲ್ಕು, ಅದೇ ಹೊಸತನ ಅಂತಾರೆ."

ಉಮಾಕಾಂತನಿಗೆ ನಗು ತಡೆಯಲಾಗಲಿಲ್ಲ. "ಹೊಸಾದಲ್ಲ ತಂಗಿ, ಅದು ನನ್ನ ತಪ್ಪು."

"ತಪ್ಪಾ?"

"ನನ್ನ ಲಗ್ನಕ್ಕ ನಾನ ನೇಯ್ದ ಖಣ. ಮಗ್ಗಕ್ಕ ಚಿತ್ರದ ಎಳಿ ಕಟ್ಟೂ ಮುಂದ ಲಕ್ಷ್ಯ ಬ್ಯಾರೆ ಕಡೆ ಹೋತು."

"ಯಾವ ಕಡೆ ದೊಡ್ಡಪ್ಪಾ?" ನವ್ಯಾ ಕೆಣಕಿದಳು.

"ನಿಮ್ಮ ದೊಡ್ಡವ್ವನ ಓಣಿ ಕಡೆ, ಮತ್ತೆಲ್ಲಿ! ಒಂದ ಬೆರಳ ಬಿಟ್ಟೇ ಹೋತು. ಬ್ಯಾರೆ ನೇಯ್ದ ಕೊಡ್ತೀನಂದೆ. ‘ಆನಿ ಕುಂಟಿದ್ರೂ ನನ್ನ ಮನಿಗೇ ಬಂದೈತಲ್ಲ, ಇರ್ಲಿ’ ಅಂದ್ಲು ಶಕುಂತಲಾ. ಆಮ್ಯಾಲೆ ಸಾವ್ಕಾರನೂ ಇದ ಛಲೋ ಐತಿ, ಇದನ್ನ ನೇಯಿ ಅಂದ."

ಅವನು ಒಳಕಿಸೆಯಿಂದ ಲಗ್ನದ ಫೋಟೊ ತೆಗೆದ. ಹಿಂದೆ ಸ್ಟುಡಿಯೊದ ಮೊಹರು, ೧೯೮೭ರ ತಾರೀಖು. ತಾನ್ಯಾ ಭೂತಗನ್ನಡಿ ಹಿಡಿದು ಶಕುಂತಲೆಯ ರವಿಕೆ ತೋಳಿನ ಮೇಲೆ ಬಗ್ಗಿದಳು. ಒಂದು, ಎರಡು, ಮೂರು, ನಾಲ್ಕು. ಮತ್ತೊಮ್ಮೆ ಎಣಿಸಿದಳು.

"ಅಯ್ಯೋ ಅಂಕಲ್, ನಿಮ್ಮ ತಪ್ಪನ್ನೂ ಬಿಡ್ದೆ ಕಾಪಿ ಹೊಡ್ದಿದಾರೆ!"

ಮರುಕ್ಷಣವೇ ಫೋಟೊವನ್ನು ಮಗುಚಿಟ್ಟು ಅವನ ಕಡೆಗೆ ಸರಿಸಿದಳು. "ಇದನ್ನ ಸರ್ಕಾರಿ ಆಫೀಸಿಗೆ ಕೊಟ್ರೆ, ಈ ದೇಶದಲ್ಲಿ ಯಾರ್ ಬೇಕಾದ್ರೂ ಕೇಳಿ ನೋಡಬಹುದು. ಕಾನೂನೇ ಹಾಗೆ. ನೀವು ಹೂಂ ಅನ್ನೋವರ್ಗೂ ನಾನು ಮುಟ್ಟಲ್ಲ."

ಶಕುಂತಲಾ ತೀರಿಕೊಂಡು ಆರು ವರ್ಷ. ನಾಲ್ಕು ಮಂದಿ ನೋಡುವುದು ಬೇಡವೆಂದು ಆ ಫೋಟೊವನ್ನು ಗೋಡೆಗೆ ತೂಗಹಾಕಲೂ ಬಿಟ್ಟವಳಲ್ಲ. ಒಲ್ಲೆನೆಂದರೆ ನವ್ಯಾಳ ಬಟ್ಟೆಗೆ ಬೆಂಕಿಯೇ ಗತಿ. ಗೆಲ್ಲುವ ಸಾಕ್ಷಿ ಒಂದು ಗೇಣು ದೂರದಲ್ಲಿದ್ದರೂ, ಇಷ್ಟು ಓದಿದ ವಕೀಲೆ ಕೈಕಟ್ಟಿ ಕೂತು ಮೂರನೇ ಇಯತ್ತೆ ಕಲಿತವನ ಒಂದು ಮಾತಿಗೆ ಕಾಯುತ್ತಿದ್ದಳು. ಸಾವುಕಾರನಾಗಲಿ ದಲ್ಲಾಳಿಯಾಗಲಿ, ಜೀವಮಾನದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಮುಖ ಮುಚ್ಚಿ ಕೊಡ್ಲಾ ಅಂಕಲ್? ಅದೂ ಆಗುತ್ತೆ."

"ಮುಖಾ ಮುಚ್ಚೂದು ಕಳ್ಳರದು, ತಂಗಿ. ಆಕಿ ಏನ ಕದ್ದಾಳ?" ಅವನು ಫೋಟೊವನ್ನು ತಾನೇ ಮಗುಚಿ ಮುಂದಿಟ್ಟ. "ಕೊಡ್ರಿ. ಕೆಳಗ ಆಕಿ ಹೆಸರೂ ಬರೀರಿ."

ನೋಂದಣಿ ರದ್ದು ಮಾಡಿರೆಂಬ ಅರ್ಜಿ ಸೇರಿ ತಿಂಗಳೊಳಗೆ ಕಂಪನಿ ತಾನಾಗಿಯೇ ನೋಂದಣಿಯನ್ನು ಬಿಟ್ಟುಕೊಟ್ಟಿತು. ನವ್ಯಾ ಮತ್ತೆ ಹೊಲಿಗೆಗೆ ಕೂತಳು.

ಊರಿಗೆ ಹೊರಡುವ ಮುನ್ನ ಉಮಾಕಾಂತ ಹಟ ಹಿಡಿದು ಫೋಟೊ ಸೇರಿದ್ದ ಆ ಸರ್ಕಾರಿ ಕಚೇರಿಗೆ ಹೋದ. ನವ್ಯಾ ಸ್ವೀಡಿಷಿನಲ್ಲಿ ಕಡತದ ಸಂಖ್ಯೆ ಹೇಳಿದಳು. ಗುಮಾಸ್ತೆ ನೀವ್ಯಾರು ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಎದ್ದು ಹೋಗಿ ಕಾಗದಗಳನ್ನು ತಂದು ಎರಡೂ ಕೈಯಲ್ಲಿ ಅವನ ಮುಂದಿಟ್ಟಳು.

ಮೂರನೆಯ ಹಾಳೆಯಲ್ಲಿ ಶಕುಂತಲಾ ಇದ್ದಳು, ತಲೆಯ ಮೇಲೆ ಸೆರಗು ಹೊದ್ದು.

ಉಮಾಕಾಂತ ಟೊಪ್ಪಿಗೆ ಸರಿಮಾಡಿಕೊಂಡ.

"ನೋಡವಾ," ಅಂದ ಮೆಲ್ಲಗೆ, "ಸರಕಾರದ ಕಪಾಟಿನ್ಯಾಗ ಕುಂತಾಳ."