ಬೀಗದಮ್ಮ ಮತ್ತು ನಾಲ್ಕನೆಯ ಓದುಗರು

ಬೀಗ ಹಾಕಿದ ಬಾಗಿಲನ್ನು ಮೂರು ಸಲ ತಳ್ಳಿ ನೋಡಿ, ಹತ್ತು ಹೆಜ್ಜೆ ನಡೆದು, ಏನೋ ನೆನಪಾದವರಂತೆ ಹಿಂದಿರುಗಿ ಬಂದು ನಾಲ್ಕನೆಯ ಸಲ ತಳ್ಳುವುದು ನಮ್ಮ ಶಾಲೆಯ ಗ್ರಂಥಪಾಲಕಿಯ ನಿತ್ಯಕರ್ಮ. ಮಕ್ಕಳು ಅವರಿಗೆ ಬೀಗದಮ್ಮ ಎಂದು ಹೆಸರಿಟ್ಟಿದ್ದಾರೆ; ಅದು ಅವರ ಕಿವಿಗೂ ಬಿದ್ದಿದೆ, ಬೇಸರವಿಲ್ಲ. ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಕೋಟು, ಅದರ ಎಡಜೇಬಿನಲ್ಲಿ ಕೀಲಿಗೊಂಚಲು, ಆ ಭಾರಕ್ಕೋ ಎಂಬಂತೆ ತುಸು ಎಡಕ್ಕೆ ವಾಲಿದ ನಡಿಗೆ. ಕಾರಿಡಾರಿನ ಆ ತುದಿಯಲ್ಲಿ ಅವರು ಕಾಣಿಸಿಕೊಂಡರೆ ಈ ತುದಿಯ ಗಲಾಟೆ ತಾನಾಗಿ ಅಡಗುತ್ತದೆ.

ಮಕ್ಕಳ ವರದಿಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವ ವ್ಯವಸ್ಥೆಯೊಂದನ್ನು ಶಾಲೆ ತಂದಾಗ ಅದರ ಉಸ್ತುವಾರಿ ಸಹಜವಾಗಿ ಅವರ ಪಾಲಿಗೆ ಬಂತು. ಮಗು ಬರೆದದ್ದು ಮೊದಲು ಅವರ ಪರದೆಗೆ ಬರಬೇಕು. ಅವರು ಒಪ್ಪಿಗೆಯ ಗುಂಡಿ ಒತ್ತಿದರಷ್ಟೇ ಲೋಕಕ್ಕೆ ಕಾಣಬೇಕು. ನಿಜವಾದ ಹೆಸರು ಕೂಡದು, ಮುಖ ಕೂಡದು. ಪ್ರತಿ ಮಗುವೂ ತನಗಿಷ್ಟವಾದ ಗುಪ್ತನಾಮವೊಂದನ್ನು ಆರಿಸಿಕೊಳ್ಳಬೇಕು. ಯಾರು ಏನೇ ಬರೆದು ತಂದರೂ ಅವರ ಮೊದಲ ಪ್ರಶ್ನೆ ಒಂದೇ: "ಸರಿ, ಇದನ್ನ ಯಾರ್ಯಾರು ಓದ್ತಾರೆ?" ಬಹುಮಾನ ಗೆದ್ದ ಮಕ್ಕಳ ಫೋಟೊ ಹಾಕಿದರೆ ಶಾಲೆಗೆ ಕೀರ್ತಿಯಲ್ಲವೇ ಎಂದು ಮುಖ್ಯೋಪಾಧ್ಯಾಯರು ಒಮ್ಮೆ ಮೆಲ್ಲನೆ ಮಾತೆತ್ತಿದರು. "ಬೆಳ್ಳಿ ಟ್ರೋಫಿಯ ಫೋಟೊ ಹಾಕೋಣ ಸರ್, ಅದನ್ನ ಹುಡುಕ್ಕೊಂಡು ಯಾರೂ ಬರಲ್ಲ," ಎಂದ ಬೀಗದಮ್ಮ ಟ್ರೋಫಿಯನ್ನೇ ಹಾಕಿ ಕೈತೊಳೆದುಕೊಂಡರು. ಗುಂಡಿ ಒತ್ತಿದ ಮೇಲೂ ಅವರ ಕೆಲಸ ಮುಗಿಯುವುದಿಲ್ಲ. ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, ಲಾಗಿನ್ ಆಗದೆ, ಯಾರೋ ಅಪರಿಚಿತರಂತೆ ಆ ಪುಟವನ್ನು ಮೊದಲಿನಿಂದ ಓದುತ್ತಾರೆ.

ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ತರಗತಿಯ ಹುಡುಗಿಯೊಬ್ಬಳು ತಾನು ಬಸ್ಸು ಹತ್ತುವ ನಿಲ್ದಾಣದಲ್ಲಿ ವಾಹನಗಳ ಸದ್ದನ್ನು ಒಂದು ತಿಂಗಳು ಅಳೆದು ಸೊಗಸಾದ ವರದಿ ಬರೆದಳು. "ಎಲ್ಲಿ ಅಳೆದೆ, ಎಷ್ಟು ಗಂಟೆಗೆ ಅಳೆದೆ, ಎಲ್ಲ ಬರೀಬೇಕಮ್ಮ, ಇಲ್ದಿದ್ರೆ ಅದು ವಿಜ್ಞಾನವೇ ಅಲ್ಲ," ಎಂದು ಅವಳ ತಲೆ ತಿಂದವನು ನಾನೇ. ಚಾಚೂ ತಪ್ಪದೆ ಬರೆದಿದ್ದಳು: ನಿಲ್ದಾಣದ ಹೆಸರು, ಬೆಳಿಗ್ಗೆ ಏಳೂಮುಕ್ಕಾಲು, ದಿನವೂ. ಹೆಸರಿಲ್ಲ, ಮುಖವಿಲ್ಲ, ಬೀಗದಮ್ಮ ಗುಂಡಿ ಒತ್ತಿದರು.

ಮೂಲೆಯ ಕಂಪ್ಯೂಟರಿನಲ್ಲಿ ಓದುವಾಗ ತಪ್ಪು ಅವರ ಕಣ್ಣಿಗೆ ಬಿತ್ತು. ಒಂದು ಮಗು ದಿನಾ ಎಷ್ಟು ಹೊತ್ತಿಗೆ ಎಲ್ಲಿ ಒಂಟಿಯಾಗಿ ನಿಂತಿರುತ್ತದೆಂದು ನಾವು ಕೋಷ್ಟಕ ಹಾಕಿ ಸಾರಿದ್ದೆವು. ತಕ್ಷಣ ಪುಟವನ್ನು ತೆಗೆದುಹಾಕಿ, ಹುಡುಗಿಯನ್ನು ಕರೆಸಿದರು.

"ಈ ಗುಪ್ತನಾಮ ಎಲ್ಲಿಂದ ತಂದೆ ಪುಟ್ಟಿ?"

"ನಮ್ಮ ಹಳೇ ಮನೆ ಬೆಕ್ಕಿನ ಹೆಸರು ಮಿಸ್."

ಹಳೆಯ ಮನೆಯೆಂದರೆ ತಂದೆಯ ಮನೆ. ಅವನ ಹೊಡೆತ ತಾಳಲಾರದೆ ಮಗಳನ್ನು ಕರೆದುಕೊಂಡು ಬಂದಿದ್ದ ತಾಯಿ, ತಾವಿರುವ ಜಾಗ ಅವನಿಗೆ ತಿಳಿಯಬಾರದೆಂದು ಶಾಲೆಗೆ ಸೇರಿಸಿದ ದಿನವೇ ಬೇಡಿಕೊಂಡಿದ್ದಳು. ಆ ಬೆಕ್ಕಿನ ಹೆಸರು ನೋಡಿದರೆ ಅವನಿಗೆ ಬೇರೆ ಗುರುತು ಬೇಕಿರಲಿಲ್ಲ.

ಪುಟ ಇದ್ದದ್ದು ಇಪ್ಪತ್ತು ನಿಮಿಷ. ಓದಿದವರ ಎಣಿಕೆ ನಾಲ್ಕು: ನಾನು, ಮುಖ್ಯೋಪಾಧ್ಯಾಯರು, ಹುಡುಗಿ, ಮತ್ತು ಹೆಸರು ದಾಖಲಾಗದ ಹೊರಗಿನವರೊಬ್ಬರು. "ತೆಗೆದಾಯ್ತಲ್ಲ, ಯಾರಿಗೂ ಹೇಳೋದು ಬೇಡ ಬಿಡಿ," ಎಂದೆ. ಹಾಗೆಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಅವರು ಕೋಟಿನ ಗುಂಡಿ ಹಾಕಿಕೊಂಡು, ತಾಯಿ ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿಗೆ ನಡೆದೇ ಹೋದರು. "ತಪ್ಪು ನಂದು. ಯಾರೋ ಒಬ್ಬರು ನೋಡಿದಾರೆ, ಯಾರೂಂತ ಗೊತ್ತಿಲ್ಲ," ಎಂದರಂತೆ. ತಾಯಿ ಬೈಯಲಿಲ್ಲ, ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿಟ್ಟು, "ಮತ್ತೆ ಊರು ಬಿಡ್ಬೇಕಾ ಮೇಡಂ?" ಎಂದಷ್ಟೇ ಕೇಳಿದಳಂತೆ.

ಮರುದಿನ ತಾಯಿ-ಮಗಳ ಮನೆಯಲ್ಲಿ ಪೆಟ್ಟಿಗೆ ಕಟ್ಟಿಯಾಗಿತ್ತು. ಇದೊಂದು ದಿನ ಶಾಲೆಗೆ ಹೋಗಿಬರುತ್ತೇನೆಂದು ಹಟ ಹಿಡಿದ ಹುಡುಗಿಯ ಪಕ್ಕ, ಅದೇ ನಿಲ್ದಾಣದಲ್ಲಿ, ಬೀಗದಮ್ಮ ಏಳು ಗಂಟೆಯಿಂದಲೇ ಕಾವಲು ನಿಂತಿದ್ದರು. ಶಾಲೆಗೆ ಬಂದಾಗ ಅವರ ಮುಖ ಬಾಡಿತ್ತು.

"ನಿನ್ನೆ ನೀವು ಮೂಲೆ ಕಂಪ್ಯೂಟರಲ್ಲಿ ಓದಿದ್ರಿ ಅಲ್ವಾ? ಲಾಗಿನ್ ಆಗ್ದೇ?" ಎಂದು ಕೇಳಿದೆ.

ಅವರು ಕಂಪ್ಯೂಟರಿನ ಕಡೆ ಧಾವಿಸಿದರು. ದಾಖಲೆ ತೆಗೆದು ನೋಡಿದರೆ, ಹೊರಗಿನವರು ಪುಟ ತೆರೆದ ಗಳಿಗೆಯೂ ಇವರು ಮೂಲೆಯಲ್ಲಿ ಕುಳಿತ ಗಳಿಗೆಯೂ ಒಂದೇ. ನಾಲ್ಕನೆಯ ಓದುಗರು ಅವರೇ. ನನಗೆ ನಗು ತಡೆಯಲಾಗಲಿಲ್ಲ, ಅವರು ನಗಲಿಲ್ಲ. ಮತ್ತೆ ಕೋಟಿನ ಗುಂಡಿ ಹಾಕಿಕೊಂಡು ಹೊಲಿಗೆ ಅಂಗಡಿಯ ದಾರಿ ಹಿಡಿದವರು, ಅಂದು ಗ್ರಂಥಾಲಯದ ಬಾಗಿಲನ್ನು ಹಾರುಹೊಡೆದೇ ಬಿಟ್ಟು ಓಡಿದ್ದರು.

ಕಟ್ಟಿದ ಪೆಟ್ಟಿಗೆ ಬಿಚ್ಚಿದ್ದಾಯಿತು. ಹೊಸ ಗುಪ್ತನಾಮದಲ್ಲಿ, ನಿಲ್ದಾಣವೂ ಗಂಟೆಯೂ ಇಲ್ಲದೆ ವರದಿ ಮತ್ತೆ ಪ್ರಕಟವಾಯಿತು. ಪೂರ್ತಿ ಪ್ರತಿ, ಹುಡುಗಿಯ ಪೂರ್ತಿ ಹೆಸರಿನೊಂದಿಗೆ, ಗ್ರಂಥಾಲಯದ ಬೀಗ ಹಾಕಿದ ಕಪಾಟಿನಲ್ಲಿದೆ; ಅವಳು ಆಗಾಗ ಬಂದು ಕೀಲಿ ತೆಗೆಸಿ ತನ್ನ ಹೆಸರನ್ನು ಓದಿಕೊಂಡು ಹೋಗುತ್ತಾಳೆ.

ಇಂಥವರು ಲೋಕವನ್ನೆಲ್ಲ ಅನುಮಾನಿಸುತ್ತಾರೆಂದು ನಾವು ಗೇಲಿ ಮಾಡುತ್ತೇವೆ. ಅವರು ಎಲ್ಲರಿಗಿಂತ ಮೊದಲು ಅನುಮಾನಿಸುವುದು ತಮ್ಮ ಕೈಯನ್ನೇ. ಕೈ ತಪ್ಪಿದ ದಿನ, ಹೇಳಬೇಕಾದವರ ಮುಂದೆ ಹೋಗಿ ನಿಲ್ಲುವವರೂ ಅವರೇ. ಅವರು ಬಾಗಿಲು ಬಿಟ್ಟು ಓಡಿದ ಆ ಸಂಜೆ ಗ್ರಂಥಾಲಯಕ್ಕೆ ಬೀಗ ಹಾಕಿದವನು ನಾನು. ಮೂರು ಸಲ ತಳ್ಳಿ, ಹತ್ತು ಹೆಜ್ಜೆ ನಡೆದೆ. ಆಮೇಲೆ ಹಿಂದಿರುಗಿದೆ.